ಹಿಸ್ಕೆ ದೌಮಾ ಒಪ್ಪುವುದಿಲ್ಲ

"ಒಪ್ಪಲ್ಲ ಅಂದ್ರೆ ಒಪ್ಪಲ್ಲ! ಇನ್ನೆಷ್ಟು ಸಲ ಹೇಳ್ಲಿ?"

ಹಿಸ್ಕೆ ದೌಮಾ ಲೋಟ ಕುಕ್ಕಿದ ರಭಸಕ್ಕೆ ಕಾಫಿ ತುಳುಕಿ ಡಾಕ್ಟರ್ ಒಲ್ತೋಫರ ತೋಳಿನ ಮೇಲೆ ಚೆಲ್ಲಿತು. ಡಾಕ್ಟರು ಏನೂ ಆಗದವರಂತೆ ಕರವಸ್ತ್ರ ತೆಗೆದು ಒರೆಸಿಕೊಂಡರು. ಬಾಗಿಲ ಬಳಿ ನಿಂತಿದ್ದ ಹೆಡ್ ನರ್ಸ್ ಲೀನೆಕೆ ಬ್ರಾಂಡ್ಸ್ಮಾ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡಳು.

"ನೋಡಿ ಹಿಸ್ಕೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. 'ನನ್ನ ಇಷ್ಟದಿಂದಲೇ ಇಲ್ಲಿ ಇರ್ತೀನಿ' ಅಂತ ಒಂದು ಮಾತು ಹೇಳಿಬಿಡಿ. ಜಡ್ಜ್ ಬಂದ ದಾರೀಲೇ ವಾಪಸ್ ಹೋಗ್ತಾರೆ. ವಿಚಾರಣೆ ಇಲ್ಲ, ಗಲಾಟೆ ಇಲ್ಲ."

"ಇಷ್ಟದಿಂದ ಬಂದೋಳಾಗಿದ್ರೆ ಆಂಬುಲೆನ್ಸ್‌ನಲ್ಲಿ ಬೆಲ್ಟು ಬಿಗಿದು ಯಾಕೆ ತಂದ್ರಿ? ನಾನೇನು ಆಲೂಗಡ್ಡೆ ಮೂಟೇನಾ? ಈಗ ಇಷ್ಟ ಅಂದ್ರೆ ಆವತ್ತು ರಾತ್ರಿ ಎಳ್ಕೊಂಡು ಬಂದದ್ದೂ ನನ್ನ ಇಷ್ಟವೇ ಅಂತ ಆಗುತ್ತೆ. ನನ್ನ ಬಾಯಿಂದ ಆ ಮಾತು ಬರಲ್ಲ ಡಾಕ್ಟ್ರೇ."

ಸೋಮವಾರ ಸಂಜೆ ಔಡೆಹಾವನ್ ಊರಿನ ಕಾಲುವೆಯಲ್ಲಿ, ದೋಣಿಗಳನ್ನು ಏರಿಸಿ ಇಳಿಸುವ ತೂಬುಕಟ್ಟೆಯ ಬಳಿ, ಹಿಸ್ಕೆಯ ತಮ್ಮ ಯೆಲ್ಲೆ ನೀರುಪಾಲಾಗಿದ್ದ. ಅಂದೇ ರಾತ್ರಿ ಊರಿನ ಮೇಯರ್ ಆದೇಶ ಹೊರಡಿಸಿ ಅಕ್ಕನನ್ನು ಈ ಮನೋರೋಗ ವಾರ್ಡಿಗೆ ಕಳಿಸಿದ್ದರು.

ಮೇಯರ್ ಆದೇಶಕ್ಕೆ ಆಯುಸ್ಸು ಮೂರೇ ದಿನ. ಅದು ಇವತ್ತಿಗೆ ಮುಗಿಯುತ್ತದೆ. ಮಧ್ಯಾಹ್ನ ನ್ಯಾಯಾಧೀಶರು ವಾರ್ಡಿಗೇ ಬಂದು ಹಿಸ್ಕೆಯ ಮಾತು ಕೇಳುತ್ತಾರೆ. ಅವರು ಮುಂದುವರಿಸಿ ಎಂದರೆ ಇನ್ನು ಮೂರು ವಾರ ಬಾಗಿಲು ತೆರೆಯುವುದಿಲ್ಲ. ನಾಳೆ ಬೆಳಿಗ್ಗೆ ಯೆಲ್ಲೆಯ ದಹನ. ಪೊಲೀಸರ ಪಾಲಿಗೆ ಅದು ಕಾಲು ಜಾರಿ ಬಿದ್ದ ಸಾವು, ಅಷ್ಟೇ.

"ಅವನು ಜಾರಿ ಬಿದ್ದಿಲ್ಲ," ಎಂದು ಹಿಸ್ಕೆ ಮೊದಲ ದಿನದಿಂದ ಹೇಳುತ್ತಲೇ ಇದ್ದಳು. "ಯಾರು ತಳ್ಳಿದ್ದು ಅಂತ ನನಗೆ ಗೊತ್ತು."

"ಯಾರು?" ಎಂದು ಡಾಕ್ಟರು ಕೇಳಿದ್ದರು. ಲೀನೆಕೆಯೂ ಕೇಳಿದ್ದಳು. ಎಲ್ಲರಿಗೂ ಒಂದೇ ಉತ್ತರ.

"ಈ ಬಾಗಿಲೊಳಗೆ ನಿಂತು ನಾನೇನು ಹೇಳಿದ್ರೂ ಅದು ರೋಗದ ಮಾತು. ಬಾಗಿಲಾಚೆ ನಿಂತು ಹೇಳಿದ್ರೆ ಸಾಕ್ಷಿ. ಆಚೆ ಬಿಡಿ, ಹೇಳ್ತೀನಿ."

ಆ ಮಾತು ಕೇಳಿದ ದಿನವೇ ಲೀನೆಕೆ ಮನಸ್ಸಿನಲ್ಲೇ ಈ ಹೆಂಗಸಿಗೆ ಸಲಾಮು ಹೊಡೆದಿದ್ದಳು. ನಲವತ್ತು ವರ್ಷ ಸರಕು ದೋಣಿ ನಡೆಸಿದ ಕೈ, ಡೀಸೆಲ್ ಎಂಜಿನ್ನಿನ ಗದ್ದಲದ ಮೇಲೆ ಕೂಗಿ ಕೂಗಿ ಒಡೆದುಹೋದ ಗಂಟಲು. ಮಾತಾಡಿದರೆ ಕಬ್ಬಿಣದ ಬಕೆಟ್ಟಿನಲ್ಲಿ ಜಲ್ಲಿ ಸುರಿದ ಹಾಗೆ ಕೇಳಿಸುತ್ತಿತ್ತು. ಇಂಥವಳು ತಲೆ ಕೆಟ್ಟವಳೇ? ಯಾರ ಮುಂದಾದರೂ ಪಂಥ ಕಟ್ಟಲು ಲೀನೆಕೆ ತಯಾರಿದ್ದಳು.

ಡಾಕ್ಟರು ಏಳುತ್ತಾ ನಿಟ್ಟುಸಿರು ಬಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು, ನಿದ್ದೆ ಕೆಟ್ಟ ಮನುಷ್ಯರು.

"ಆವತ್ತು ರಾತ್ರಿ ಮೇಯರ್ ಫೋನ್ ಮಾಡಿದಾಗ ಎಷ್ಟು ಸಮಾಧಾನವಾಗಿ ಒಪ್ಪಿಕೊಂಡ್ರಂತೆ. ಇವತ್ತು ಯಾಕೆ ಈ ಹಟ?"

ಹಿಸ್ಕೆಯ ಹುಬ್ಬು ಮೇಲೇರಿತು. "ಮೇಯರ್ರಾ? ನನ್ನ ಜೊತೆ ಯಾವ ಮೇಯರೂ ಮಾತಾಡಿಲ್ಲ."

"ನಿಮಗೆ ನೆನಪಿಲ್ಲ ಅಷ್ಟೆ. ಆಘಾತದಲ್ಲಿ ಹಾಗಾಗುತ್ತೆ." ಡಾಕ್ಟರು ಹೊರಟುಹೋದರು.

ಲೀನೆಕೆಯ ಕಿವಿ ನೆಟ್ಟಗಾಯಿತು. ಯಾರನ್ನೇ ಹಿಡಿದಿಡುವ ಮೊದಲು ಮೇಯರ್ ಆ ಮನುಷ್ಯನ ಮಾತು ಕೇಳಲೇಬೇಕು. ಅದು ಔದಾರ್ಯವಲ್ಲ, ಕಾನೂನು. ಆವತ್ತು ಮೇಯರ್ ಕೇಳಿದ್ದು ಯಾರ ಮಾತು?

ಅವಳು ಕುರ್ಚಿ ಎಳೆದು ಹಿಸ್ಕೆಯ ಎದುರು ಕುಳಿತಳು. "ಆ ರಾತ್ರಿ ಎಲ್ಲಿದ್ರಿ?"

"ನನ್ನ ತಂಗಿ ಮಗಳು ರಿಮ್ಕೆ ಮನೇಲಿ. ತೂಬುಕಟ್ಟೆಯಿಂದ ಅಲ್ಲಿಗೇ ಕರ್ಕೊಂಡು ಹೋದ್ರು. ಯಾರೋ ಡಾಕ್ಟರಮ್ಮ ಬಂದು ನಾಕು ಪ್ರಶ್ನೆ ಕೇಳಿ ಒಂದು ಮಾತ್ರೆ ಕೊಟ್ಟಳು. ಸೋಫಾ ಮೇಲೆ ಒರಗಿದೆ. ಎದ್ದಾಗ ಆಂಬುಲೆನ್ಸ್."

"ಮನೇಲಿ ಯಾರ್ಯಾರಿದ್ರು?"

"ಇಡೀ ಬೀದೀನೇ ಇತ್ತು ಕಣಮ್ಮ. ರಿಮ್ಕೆ, ಅವಳ ಅತ್ತೆ, ನಾದಿನಿ, ಪಕ್ಕದ ಮನೆಯವಳು. ಸಾವು ಅಂದ್ರೆ ಕಾಫಿ ಕುಡಿಯೋಕೆ ಬರೋರಿಗೇನು ಕಮ್ಮಿ?"

"ನಿಮ್ಮ ಫೋನು?"

"ಮೊಬೈಲಾ? ಆವತ್ತಿಂದ ಕಾಣ್ತಿಲ್ಲ. ನೀರಿಗೆ ಬಿತ್ತು ಅಂದ್ಕೊಂಡೆ."

ಲೀನೆಕೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ ಹೇಳಿದಳು: "ಮೇಯರ್ ನಿಮ್ಮ ಜೊತೆ ಮಾತಾಡೇ ಇಲ್ಲ ಅನ್ನೋ ಈ ಮಾತು ನಿಮ್ಮದು. ನೀವು ಹೂಂ ಅಂದ್ರೆ ಮಾತ್ರ ನಿಮ್ಮ ವಕೀಲರ ಕಿವಿಗೆ ಹಾಕ್ತೀನಿ. ಬೇಡ ಅಂದ್ರೆ ಇಲ್ಲೇ ಉಳಿಯುತ್ತೆ."

ಹಿಸ್ಕೆ ಅವಳನ್ನು ಮೇಲಿಂದ ಕೆಳಗೆ ಅಳೆದಳು. "ಪರವಾಗಿಲ್ವೇ. ಇಲ್ಲಿ ನನ್ನನ್ನ ಕೇಳಿ ಕೆಲಸ ಮಾಡೋರೂ ಒಬ್ಬರಿದಾರೆ. ಹೇಳು, ಹೇಳು."

ಲೀನೆಕೆಗೆ ಹೆಮ್ಮೆಯಾಯಿತು. ಈ ವಾರ್ಡಿನ ಬಾಗಿಲಿಗೆ ಬೀಗವಿದೆ ನಿಜ, ಆದರೆ ಒಳಗೆ ಬಂದವರ ಹಕ್ಕನ್ನು ಮೊದಲ ದಿನವೇ ಅವರ ಕೈಗೆ ಕೊಡುವ ಪದ್ಧತಿ ತಂದವಳು ಅವಳೇ. ತಾನಾಗಿ ಬಂದವರು ಬಾಗಿಲು ತೆಗೆ ಎಂದರೆ ತೆಗೆಯಬೇಕು. ಆದೇಶದ ಮೇಲೆ ಬಂದವರಿಗೆ ವಕೀಲರು, ನ್ಯಾಯಾಧೀಶರು. ಯಾರಿಗೇ ಆಗಲಿ ತಮ್ಮ ಬಟ್ಟೆ, ತಮ್ಮ ಬೂಟು, ತಮ್ಮ ಮಾತು. ಬೇರೆ ಆಸ್ಪತ್ರೆಯವರು ನೋಡಿ ಕಲಿಯಲು ಬರುತ್ತಾರೆ, ಬರಲಿ!

ಹನ್ನೊಂದರ ಹೊತ್ತಿಗೆ ರಿಮ್ಕೆ ಪೋಸ್ಟ್ಮಾ ಬಂದಳು. ಬಡಕಲು ಹೆಂಗಸು, ಮೆತ್ತನೆಯ ದನಿ, ಕೈಯಲ್ಲಿ ದಿನಾ ತರುವಂತೆ ಸೇಬಿನ ಕಡುಬು. ದೊಡ್ಡಮ್ಮನ ಕೋಣೆಗೆ ಹೋಗುವ ಬದಲು ನೇರ ಲೀನೆಕೆಯ ಹತ್ತಿರ ಬಂದಳು.

"ಸಿಸ್ಟರ್, ನೀವಾದ್ರೂ ಹೇಳಿ ಅವಳಿಗೆ. ಇಲ್ಲೇ ಇರೋಕೆ ಒಪ್ಕೊ ಅಂತ."

"ಒಪ್ಪೋದು ಬಿಡೋದು ಅವರ ಇಷ್ಟ. ನಾನು ಹೇಳ್ಕೊಟ್ಟು ಹೇಳಿಸಿದ್ರೆ ಅದನ್ನ ಒಪ್ಪಿಗೆ ಅನ್ನಲ್ಲ."

"ಮೂರು ವಾರ ಸಾಕು ಸಿಸ್ಟರ್. ದಹನ ಮುಗೀಲಿ, ಪೊಲೀಸರು ಮರೀಲಿ, ಆಮೇಲೆ..."

"ಪೊಲೀಸರು ಏನನ್ನ ಮರೀಬೇಕು?"

ರಿಮ್ಕೆಯ ಮುಖ ಸುಣ್ಣದಂತಾಯಿತು. "ಏನಿಲ್ಲ. ಸುಮ್ನೆ ಬಾಯಿಗೆ ಬಂತು." ಕಡುಬಿನ ತಟ್ಟೆಯನ್ನು ಲೀನೆಕೆಯ ಕೈಗೆ ತುರುಕಿ ಸರಸರನೆ ದೊಡ್ಡಮ್ಮನ ಕೋಣೆಗೆ ನಡೆದಳು.

ಲೀನೆಕೆ ನೇರ ಫೋನಿನ ಹತ್ತಿರ ಹೋದಳು. ವಕೀಲ ಫಾನ್ ಡೆಲ್ಡನ್‌ಗೆ ಮೇಯರ್ ಫೋನಿನ ವಿಷಯ ಹೇಳಿದಳು, ಅಷ್ಟೇ. ರಿಮ್ಕೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಅನುಮಾನಕ್ಕೆ ಕಾಲಿರಬಹುದು, ಸಾಕ್ಷಿಯಿಲ್ಲದೆ ಅದನ್ನು ಬೀದಿಗೆ ಬಿಡುವುದು ಅವಳ ಜಾಯಮಾನವಲ್ಲ.

ನ್ಯಾಯಾಧೀಶೆ ಲಿಂಡೆಬೋಮ್ ಸೈಕಲ್ಲಿನಲ್ಲೇ ಬಂದರು. ಕೋಟು ಕೊಡವಿ ಗೂಟಕ್ಕೆ ಹಾಕಿ, ಸಂದರ್ಶಕರ ಕೋಣೆಯ ಮೇಜಿಗೆ ಕುಳಿತು, ಕಾಫಿ ಒಂದು ಗುಟುಕು ಕುಡಿದರು. ಒಂದು ಕಡೆ ಹಿಸ್ಕೆ ಮತ್ತು ವಕೀಲರು, ಇನ್ನೊಂದು ಕಡೆ ಡಾಕ್ಟರ್ ಒಲ್ತೋಫ್ ಮತ್ತು ಲೀನೆಕೆ. ಹಿಸ್ಕೆಯ ಒಪ್ಪಿಗೆಯ ಮೇಲೆ ರಿಮ್ಕೆಯೂ ಗೋಡೆ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು.

"ಶ್ರೀಮತಿ ದೌಮಾ, ಇಲ್ಲಿ ಇರೋಕೆ ನಿಮಗೆ ಇಷ್ಟ ಇದೆಯಾ?"

"ಇಲ್ಲ. ಊಟ ಸಪ್ಪೆ, ಹಾಸಿಗೆ ಮೆತ್ತಗೆ, ಪಕ್ಕದ ಕೋಣೆಯವನು ರಾತ್ರಿಯೆಲ್ಲ ಹಾಡ್ತಾನೆ. ಅದೂ ಒಂದೇ ಹಾಡು."

ನ್ಯಾಯಾಧೀಶೆಯ ತುಟಿಯಂಚು ಅಲುಗಿತು. "ಡಾಕ್ಟರ್, ಅಪಾಯ ಏನು?"

"ಸೋಮವಾರ ಆಕೆ ತೂಬುಕಟ್ಟೆಗೆ ಹಾರೋಕೆ ಹೋದ್ರು. ಕೂಗು ಕೇಳಿ ಓಡಿಬಂದ ನಾಲ್ಕು ಜನ ಹಿಡೀಬೇಕಾಯ್ತು."

"ಸಾಯೋಕಲ್ಲ ಹಾರೋಕೆ ಹೋಗಿದ್ದು!" ಹಿಸ್ಕೆ ಗುಡುಗಿದಳು. "ತಮ್ಮ ನೀರಲ್ಲಿ ಮುಳುಗ್ತಾ ಇದ್ದರೆ ದಡದಲ್ಲಿ ನಿಂತು ಕೈ ಬೀಸಬೇಕಿತ್ತಾ?"

"ಸಿಸ್ಟರ್ ಬ್ರಾಂಡ್ಸ್ಮಾ, ಇಲ್ಲಿ ಹೇಗಿದ್ದಾರೆ?"

ಲೀನೆಕೆ ಎದ್ದು ನಿಂತಳು. ಏಳುವ ಅಗತ್ಯವೇನೂ ಇರಲಿಲ್ಲ, ಆದರೂ ಎದ್ದಳು. "ತಿಂತಾರೆ, ಮಲಗ್ತಾರೆ, ಜಗಳ ಆಡ್ತಾರೆ. ರಾತ್ರಿ ತಮ್ಮನಿಗಾಗಿ ಅಳ್ತಾರೆ. ಇದರಲ್ಲಿ ನಮ್ಮ ವಾರ್ಡಿಗೆ ಸೇರಿದ್ದು ಯಾವುದೂ ನನಗೆ ಕಾಣಿಸಿಲ್ಲ."

ಡಾಕ್ಟರ್ ಒಲ್ತೋಫ್ ಅವಳತ್ತ ತಿರುಗಿ ನೋಡಿದರು. ಕೋಪ ಬರಬಹುದೆಂದು ಲೀನೆಕೆ ಕಾದಳು. ಅವರು ಸುಮ್ಮನೆ ತಲೆಯಾಡಿಸಿದರು. "ಅದು ನಿಜ. ಸೋಮವಾರ ಇದ್ದ ಸ್ಥಿತಿ ಇವತ್ತಿಲ್ಲ. ನಾನೂ ಅಷ್ಟು ಹೇಳಲೇಬೇಕು."

ವಕೀಲರು ಗಂಟಲು ಸರಿಮಾಡಿಕೊಂಡರು. "ಇನ್ನೊಂದು ವಿಷಯ. ಮೇಯರ್ ತನ್ನ ಮಾತು ಕೇಳಲೇ ಇಲ್ಲ ಅಂತಾರೆ ನನ್ನ ಕಕ್ಷಿದಾರರು. ಕೇಳಿದೆ ಅಂತಾರೆ ಮೇಯರ್. ಅವರಿಗೆ ಈಗಲೇ ಫೋನ್ ಮಾಡಬಹುದಾ?"

ಗೋಡೆ ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು. ರಿಮ್ಕೆಯ ಕೈಗಳು ಮಡಿಲಲ್ಲಿ ಬಿಗಿದುಕೊಂಡಿದ್ದವು.

ಮೇಜಿನ ನಡುವೆ ಇಟ್ಟ ಫೋನಿನಿಂದ ಮೇಯರ್ ದನಿ ದೊಡ್ಡದಾಗಿ ಬಂತು. "ಕೇಳಿ, ಕೇಳಿ, ನನಗೇನೂ ಅವಸರ ಇಲ್ಲ. ಹಳೇ ಸೇತುವೆ ಹತ್ರ ಕಾರಲ್ಲಿ ಕೂತಿದೀನಿ. ಸೇತುವೆ ಎತ್ತಿದಾರೆ, ಹಡಗೊಂದು ಆಮೆ ಥರ ಹೋಗ್ತಿದೆ."

"ಸೋಮವಾರ ರಾತ್ರಿ ನೀವು ಶ್ರೀಮತಿ ದೌಮಾ ಜೊತೆ ಮಾತಾಡಿದ್ರಾ?"

"ಮಾತಾಡದೆ ಯಾರನ್ನೂ ಒಳಗೆ ಕಳಿಸಿದವನಲ್ಲ ನಾನು." ಆ ದನಿಯಲ್ಲಿ ಹೆಮ್ಮೆಯಿತ್ತು. "ಅವರ ಮೊಬೈಲಿಗೇ ಮಾಡಿದ್ದೆ. ಬಹಳ ಮೆತ್ತಗೆ ಮಾತಾಡಿದ್ರು. 'ನನಗೆ ಆಸ್ಪತ್ರೇಲಿ ಇರೋದೇ ಒಳ್ಳೇದು, ದಯವಿಟ್ಟು ಕಳಿಸಿ' ಅಂದ್ರು."

"ಹಳೇ ಸೇತುವೇನಾ?" ಹಿಸ್ಕೆ ಫೋನಿನ ಮೇಲೆ ಬಾಗಿ ಅಬ್ಬರಿಸಿದಳು. "ಹಾಗಾದ್ರೆ ಎಂಜಿನ್ ಆಫ್ ಮಾಡಿ ಕೂತ್ಕೊಳ್ಳಿ ಸ್ವಾಮಿ. ಆ ಸೇತುವೆಯವನು ಇಳಿಸೋ ಮುಂಚೆ ಒಂದು ಸಿಗರೇಟು ಸೇದೇ ಸೇದ್ತಾನೆ!"

ಮೇಯರ್ ನಿಧಾನವಾಗಿ ಕೇಳಿದರು: "ಈಗ ಮಾತಾಡಿದ್ದು ಯಾರು?"

"ಹಿಸ್ಕೆ ದೌಮಾ," ಎಂದರು ನ್ಯಾಯಾಧೀಶೆ.

"ಸಾಧ್ಯವೇ ಇಲ್ಲ. ನಾನು ಮಾತಾಡಿದ ಹೆಂಗಸು ಇವರಲ್ಲ. ಈ ದನಿ ಒಮ್ಮೆ ಕೇಳಿದ್ರೆ ಯಾರಾದ್ರೂ ಮರೀತಾರಾ?"

ಲೀನೆಕೆಯ ಕಣ್ಣು ಗೋಡೆ ಪಕ್ಕದ ಕುರ್ಚಿಯತ್ತ ಹೊರಳಿತು. ಮೆತ್ತನೆಯ ದನಿ. ಆ ಮನೆಯಲ್ಲಿ ಆ ರಾತ್ರಿ ಮೆತ್ತನೆಯ ದನಿಯವರು ಎಷ್ಟು ಜನರಿದ್ದರೋ!

ನ್ಯಾಯಾಧೀಶೆ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಮೇಯರ್ ಅವರೇ, ಸ್ವಲ್ಪ ಯೋಚಿಸಿ ಹೇಳಿ. ಫೋನ್ ಎತ್ತಿದ ಕೂಡಲೇ ಮೊದಲು ಏನು ಕೇಳಿಸ್ತು?"

"ಏನು ಕೇಳಿಸುತ್ತೆ? ಎಲ್ಲರೂ ಹೇಳೋದೇ. ಹೆಸರು."

ಹೌದು, ಮತ್ತೇನು? ಈ ದೇಶದಲ್ಲಿ ಫೋನ್ ಎತ್ತಿದವರು ಹಲೋ ಅನ್ನುವ ಮೊದಲು ತಮ್ಮ ಹೆಸರು ಹೇಳುತ್ತಾರೆ. ಮಾತು ಬಂದ ಮಕ್ಕಳಿಗೆ ಕಲಿಸುವ ಮೊದಲ ಶಿಸ್ತು ಅದು. ಸಾಲ ಕೊಟ್ಟವನು ಕರೆದರೂ ಅಷ್ಟೇ, ಸಾವಿನ ಸುದ್ದಿ ಬಂದರೂ ಅಷ್ಟೇ, ಕೈ ಫೋನೆತ್ತಿದರೆ ಬಾಯಿ ಹೆಸರು ಹೇಳಿಬಿಡುತ್ತದೆ. ತಲೆಯನ್ನು ಕೇಳುವುದಿಲ್ಲ.

"ಯಾವ ಹೆಸರು?"

"ಹಿಸ್ಕೆ..." ಮೇಯರ್ ತಡೆದರು. "ಇರಿ, ಇರಿ. ಮೊದಲು ಬೇರೆ ಹೆಸರು ಬಂತು. ತಪ್ಪು ನಂಬರ್ ಅಂದ್ಕೊಂಡೆ. 'ಹಿಸ್ಕೆ ದೌಮಾ ಅಲ್ವಾ?' ಅಂದೆ. 'ಹೌದು ಹೌದು, ನಾನೇ' ಅಂದ್ರು. ದುಃಖದಲ್ಲಿರೋರು, ಏನೋ ತಡವರಿಸಿದ್ರು ಅಂತ ಬಿಟ್ಟೆ."

"ಆ ಹೆಸರು ನೆನಪಿದೆಯಾ?"

"ಇದೆ. ನನ್ನ ಹೆಂಡತಿಯ ತವರಿನವರೂ ಅದೇ ಹೆಸರಿನವರು. ಪೋಸ್ಟ್ಮಾ."

ರಿಮ್ಕೆ ಎದ್ದು ನಿಂತಳು. ಯಾರೂ ಅವಳ ಹೆಸರು ಕರೆದಿರಲಿಲ್ಲ.

"ನಾನೇ," ಎಂದಳು. "ದೊಡ್ಡಮ್ಮನ ಫೋನ್ ತೆಗೆದಿಟ್ಕೊಂಡು ಕಾಯ್ತಾ ಕೂತಿದ್ದೆ. ಏನು ಹೇಳಬೇಕು ಅಂತ ಬಾಯಿಪಾಠ ಮಾಡಿದ್ದೆ. ರಿಂಗ್ ಆದ ತಕ್ಷಣ ನನ್ನ ಹೆಸರೇ ಬಂದುಬಿಡ್ತು."

"ಯಾಕೆ ಹೀಗೆ ಮಾಡಿದ್ರಿ?"

ರಿಮ್ಕೆ ದೊಡ್ಡಮ್ಮನ ಕಡೆ ನೋಡಿದಳು. "ಹೇಳಲ್ಲ. ಕೊಂದ್ರೂ ಹೇಳಲ್ಲ."

ಹಿಸ್ಕೆ ಅವಳನ್ನು ಬೈಯಲಿಲ್ಲ. ಸುಮ್ಮನೆ ನೋಡುತ್ತಾ ಕುಳಿತಳು. ಆ ಒರಟು ಮುಖದಲ್ಲಿ ಅಷ್ಟೊಂದು ಮಮತೆ ಲೀನೆಕೆ ಈ ಮೂರು ದಿನದಲ್ಲಿ ಕಂಡಿರಲಿಲ್ಲ. ಮೋಸ ಹೋದವಳು ಮೋಸ ಮಾಡಿದವಳನ್ನು ಹೀಗೂ ನೋಡುತ್ತಾಳೆಯೇ? ಪಾಪ, ರಕ್ತಸಂಬಂಧ, ಎಂದುಕೊಂಡಳು.

ನ್ಯಾಯಾಧೀಶೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಶ್ರೀಮತಿ ದೌಮಾ, ನಿಮ್ಮ ಮಾತು ಕೇಳದೆಯೇ ನಿಮ್ಮನ್ನ ಇಲ್ಲಿ ಇಟ್ಟಿದ್ರು. ನಿಮ್ಮಿಂದ ನಿಮಗಾಗಲಿ ಬೇರೆಯವರಿಗಾಗಲಿ ಅಪಾಯ ಇದೆ ಅಂತ ಇವತ್ತು ಯಾರೂ ಹೇಳ್ತಿಲ್ಲ. ಆದೇಶ ಮುಂದುವರಿಸೋಕೆ ನಾನು ನಿರಾಕರಿಸಿದ್ದೀನಿ. ನೀವು ಸ್ವತಂತ್ರರು."

"ನನ್ನ ತಲೆ ನೆಟ್ಟಗಿದೆ ಅಂತ ಅರ್ಥಾನಾ ಅದು?"

"ನಿಮ್ಮ ಮಾತಿಗೆ ನೀವೇ ಯಜಮಾನಿ ಅಂತ ಅರ್ಥ."

"ಅಷ್ಟು ಸಾಕು ನನಗೆ," ಎಂದಳು ಹಿಸ್ಕೆ. ಅವಳ ಕಣ್ಣು ತುಂಬಿತ್ತು.

ಲೀನೆಕೆಗೆ ಕುಣಿಯಬೇಕೆನ್ನಿಸಿತು. ಗೆದ್ದೆವು! ತಲೆ ಕೆಟ್ಟವಳು ಎಂದು ಬಾಯಿ ಮುಚ್ಚಿಸಲು ಹೊರಟರೆ, ತಮ್ಮ ವಾರ್ಡು ಆ ಬಾಯಿಗೆ ಬೆಲೆ ತಂದುಕೊಟ್ಟಿತ್ತು. ಮಿಕ್ಕದ್ದೆಲ್ಲ ಅವಳಿಗೆ ಅಂಗೈ ಮೇಲಿಟ್ಟಷ್ಟು ಸ್ಪಷ್ಟವಾಗಿತ್ತು. ಯೆಲ್ಲೆಯನ್ನು ತಳ್ಳಿದ್ದು ರಿಮ್ಕೆ ಅಥವಾ ರಿಮ್ಕೆಗೆ ಬೇಕಾದ ಯಾರೋ. ಕಂಡ ಸಾಕ್ಷಿ ಹಿಸ್ಕೆ. ಸಾಕ್ಷಿಯನ್ನು ಇಲ್ಲಿ ಕೂಡಿಹಾಕಿದರು. ಇನ್ನು ಹಿಸ್ಕೆ ಬಾಯಿ ತೆರೆದರೆ ಮುಗಿಯಿತು.

"ಪೊಲೀಸರನ್ನ ಕರೆಸ್ತೀಯಾ?" ಹಿಸ್ಕೆ ಕೇಳಿದಳು. "ನಿನ್ನ ಹಕ್ಕುಗಿಕ್ಕು ಏನೂ ಅಡ್ಡ ಬರಲ್ಲ ತಾನೇ? ಕೇಳ್ತಿರೋದು ನಾನು."

"ನೀವು ಕೇಳಿದ್ರೆ ಈ ಕ್ಷಣಕ್ಕೆ ಕರೆಸ್ತೀನಿ."

ಇನ್ಸ್‌ಪೆಕ್ಟರ್ ರೋಲೋಫ್ಸ್ ಬರುವಷ್ಟರಲ್ಲಿ ಹಿಸ್ಕೆ ತನ್ನ ನೀಲಿ ಕೋಟು ಹಾಕಿ, ಬೂಟಿನ ದಾರ ಬಿಗಿದು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದಳು. ದೋಣಿ ಬಂದರಿಗೆ ತರುವವಳ ಗತ್ತು ಮೈಮೇಲೆ ಬಂದಿತ್ತು. ಪಕ್ಕದ ಕೋಣೆಯ ಹಾಡುಗಾರ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದ. "ಹಾಡು ಬದಲಾಯಿಸೋ ಮಾರಾಯ," ಎಂದು ಅವನ ಭುಜ ತಟ್ಟಿದಳು.

ಲೀನೆಕೆ ಬಾಗಿಲನ್ನು ತಾನೇ ತೆಗೆದಳು, ಹಾರುಹೊಡೆಯುವ ಹಾಗೆ ಅಗಲವಾಗಿ. ಹಿಸ್ಕೆ ತಲೆಯೆತ್ತಿ ಹೊಸ್ತಿಲು ದಾಟಿದಳು. ಹೊರಗಿನ ಮೊಗಸಾಲೆಯಲ್ಲಿ ಇನ್ಸ್‌ಪೆಕ್ಟರ್ ಪೆನ್ನು ಹಿಡಿದು ನಿಂತಿದ್ದರು.

ಆಗ ಲೀನೆಕೆಯ ತೋಳನ್ನು ಯಾರೋ ಗಬಕ್ಕನೆ ಹಿಡಿದರು. ರಿಮ್ಕೆ. ಕೆನ್ನೆಯೆಲ್ಲ ಒದ್ದೆ.

"ಬಾಗಿಲು ಹಾಕಿ ಸಿಸ್ಟರ್. ಕೈ ಮುಗೀತೀನಿ, ಅವಳನ್ನ ಒಳಗೆ ಕರ್ಕೊಳ್ಳಿ. ಇಲ್ಲಿದ್ರೆ ಮೂರು ವಾರ. ಅಲ್ಲಿಗೆ ಹೋದ್ರೆ ಅವಳು ವಾಪಸ್ ಬರಲ್ಲ."

"ಅಂದ್ರೆ?"

ರಿಮ್ಕೆಯ ಬೆರಳುಗಳು ಅವಳ ತೋಳನ್ನು ಇನ್ನೂ ಬಿಗಿದವು. ಲೀನೆಕೆಗೆ ಒಂದೊಂದೇ ನೆನಪಾಯಿತು. ಆ ಮಮತೆಯ ನೋಟ. ಪೊಲೀಸರು ಮರೀಲಿ ಎಂದ ಆ ಮಾತು.

"ಬರ್ಕೊಳ್ಳಪ್ಪ," ಹಿಸ್ಕೆಯ ಜಲ್ಲಿಯಂಥ ದನಿ ಮೊಗಸಾಲೆ ತುಂಬಿತು. "ಮೊದಲು ಇದನ್ನ ಬರ್ಕೊ. ನಾನು ಹುಚ್ಚಿ ಅಲ್ಲ, ಗೊಂದಲದಲ್ಲಿಲ್ಲ, ಇವತ್ತು ಯಾವ ಮಾತ್ರೇನೂ ನುಂಗಿಲ್ಲ. ಜಡ್ಜ್ ಹೇಳಿದಾರೆ, ನನ್ನ ಮಾತಿಗೆ ನಾನೇ ಯಜಮಾನಿ ಅಂತ. ಬರ್ಕೊಂಡ್ಯಾ?"

"ಬರ್ಕೊಂಡೆ."

"ಯೆಲ್ಲೆ ದೌಮಾ ಜಾರಿ ಬಿದ್ದಿಲ್ಲ. ಆಮೇಲೆ ನೀರಿಂದ ಎಳೆಯೋಕೆ ಹೋದದ್ದು ನಿಜ, ಆದರೆ ಅವನನ್ನ ತಳ್ಳಿದ್ದು ನಾನು. ಈ ಎರಡು ಕೈಯಿಂದ."

ಇನ್ಸ್‌ಪೆಕ್ಟರ್ ಪೆನ್ನು ನಿಂತಿತು. "ಯಾಕೆ?"

ಹಿಸ್ಕೆ ತಿರುಗಿ ತೆರೆದ ಬಾಗಿಲಿನ ಕಡೆ, ಲೀನೆಕೆಯ ತೋಳು ಹಿಡಿದು ನಿಂತ ಹೆಣ್ಣಿನ ಕಡೆ ನೋಡಿದಳು. ಒಡೆದ ದನಿ ಮೊದಲ ಸಲ ತಗ್ಗಿತು.

"ಹೇಳ್ತೀನಿ. ಆದರೆ ಮೊದಲು ಈ ಮಗೂನ ಮನೆಗೆ ಕಳಿಸಿ. ಯೆಲ್ಲೆ ಅವಳಿಗೆ ಏನು ಮಾಡಿದ ಅನ್ನೋದನ್ನ ನಾನು ಅವಳ ಮುಂದೆ ಹೇಳಲ್ಲ."

ರಿಮ್ಕೆ ಲೀನೆಕೆಯ ತೋಳು ಬಿಟ್ಟಳು. ಮನೆಯ ಕಡೆ ಹೋಗಲಿಲ್ಲ. ಹೊಸ್ತಿಲು ದಾಟಿ ನೇರ ಇನ್ಸ್‌ಪೆಕ್ಟರ್ ಎದುರಿಗೆ ಬಂದು, ದೊಡ್ಡಮ್ಮನ ಪಕ್ಕದಲ್ಲಿ ನಿಂತಳು.